ತೂತು ಕೊರೆದ ರಟ್ಟು: ಜೋಸೆಫ್ ಮೇರಿ ಜಕಾರ್ಡ್ ಅವರ ಬದುಕು ಮತ್ತು ನಮ್ಮ ಮೆಮೊರಿ ಕಾರ್ಡ್

ಪೀಠಿಕೆ

ಬೋಧನಾಭ್ಯಾಸದ ಎರಡನೆಯ ವಾರ. ಮಾನ್ವಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 9ನೇ ತರಗತಿಗೆ ನಾನು ಮಾಡಬೇಕಿದ್ದ ಪಾಠ: ಕಂಪ್ಯೂಟರ್ ಮತ್ತು ಮೊಬೈಲ್‌ಗಳಲ್ಲಿ ಮಾಹಿತಿ ಸಂಗ್ರಹಿಸುವ ಸಾಧನಗಳು. ಹಾರ್ಡ್ ಡಿಸ್ಕ್, ಸಿ.ಡಿ., ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಕ್ಲೌಡ್ ಎಂದು ಐದು ವಿಧ, ಒಂದೊಂದಕ್ಕೆ ಎರಡೆರಡು ಸ್ಲೈಡ್. ಹಿಂದಿನ ರಾತ್ರಿ ರಾಯಚೂರಿನ ಹಾಸ್ಟೆಲಿನಲ್ಲಿ ಗೆಳತಿಯ ಲ್ಯಾಪ್‌ಟಾಪಿನಿಂದ ಸ್ಲೈಡುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಅವಸರದಲ್ಲಿ ಅದನ್ನು ಹಾಗೆಯೇ ಕಿತ್ತುಕೊಂಡೆ. ಬೆಳಿಗ್ಗೆ ಶಾಲೆಯ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರೆ ಫೈಲಿನ ಹೆಸರಷ್ಟೇ ಇದೆ, ಒಳಗೆ ಏನೂ ಇಲ್ಲ. ಸಂಗ್ರಹಣೆಯ ಪಾಠ ಮಾಡಲು ಹೋದವಳಿಗೆ ಸಂಗ್ರಹಿಸಿದ ಪಾಠವೇ ಕೈಕೊಟ್ಟಿತ್ತು.

ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ವೀಕ್ಷಣಾ ನಮೂನೆ ತೆರೆದುಕೊಂಡು ಕುಳಿತಿದ್ದರು. ಮುಂದೆ 31 ಮಕ್ಕಳು. ಹಾಜರಿ ಪುಸ್ತಕದಲ್ಲಿ 46 ಹೆಸರುಗಳಿದ್ದವು. ಅದು ಹತ್ತಿ ಬಿಡಿಸುವ ಕಾಲ. ಪಾಠ ತಯಾರಿಸುವಾಗ ಓದಿಕೊಂಡಿದ್ದ ಒಬ್ಬ ನೇಕಾರನ ಕತೆ ನೆನಪಿಗೆ ಬಂತು. ಒಂದು ಹಳೆಯ ನೋಟ್‌ಬುಕ್ಕಿನ ರಟ್ಟು ಹರಿದುಕೊಂಡು, ಕೈವಾರದ ಮುಳ್ಳಿನಿಂದ ಅದರಲ್ಲಿ ತೂತುಗಳನ್ನು ಕೊರೆದು, ಆ ಕತೆಯನ್ನೇ ಹೇಳಿದೆ. ಆ ದಿನ ಹೇಳಿದ್ದನ್ನು, ಆಮೇಲೆ ಓದಿ ಸೇರಿಸಿಕೊಂಡದ್ದನ್ನೂ ಕೂಡಿಸಿ, ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮಗ್ಗದ ಮನೆಯ ಹುಡುಗ

ಜೋಸೆಫ್ ಮೇರಿ ಜಕಾರ್ಡ್ ಹುಟ್ಟಿದ್ದು 1752ರ ಜುಲೈ 7ರಂದು, ಫ್ರಾನ್ಸ್ ದೇಶದ ಲಿಯೊನ್ ನಗರದಲ್ಲಿ. ಲಿಯೊನ್ ಆಗ ಯುರೋಪಿಗೇ ಹೆಸರಾದ ರೇಷ್ಮೆಯ ಊರು. ತಂದೆ ಸ್ವಂತ ಮಗ್ಗಗಳಿದ್ದ ನೇಕಾರ. ತಾಯಿಯೂ ರೇಷ್ಮೆಯ ಕೆಲಸದಲ್ಲಿಯೇ ಇದ್ದವರು. ಮನೆತನದ ನಿಜವಾದ ಹೆಸರು ಶಾರ್ಲ್. ಜಕಾರ್ಡ್ ಎಂಬುದು ಆ ಕವಲಿಗೆ ಊರಿನವರು ಇಟ್ಟ ಅಡ್ಡಹೆಸರು. ನಮ್ಮ ಹಳ್ಳಿಗಳಲ್ಲಿ ಒಂದೇ ಹೆಸರಿನ ಮನೆಗಳನ್ನು ಬೇರೆ ಮಾಡಿ ಗುರುತಿಸಲು ಅಡ್ಡಹೆಸರು ಹಿಡಿದು ಕರೆಯುವುದಿಲ್ಲವೇ, ಹಾಗೆ. ಒಂಬತ್ತು ಮಕ್ಕಳಲ್ಲಿ ದೊಡ್ಡವರಾಗುವವರೆಗೆ ಉಳಿದವರು ಜೋಸೆಫ್ ಮತ್ತು ಅಕ್ಕ ಕ್ಲೆಮಾನ್ಸ್ ಇಬ್ಬರೇ. ಹತ್ತು ವರ್ಷದವನಿರುವಾಗಲೇ ತಾಯಿ ತೀರಿಕೊಂಡರು.

ಜೋಸೆಫ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ. 13 ವರ್ಷವಾದರೂ ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಕನ ಗಂಡ ಬ್ಯಾರೆ ಎಂಬವರು ಪುಸ್ತಕ ಮುದ್ರಿಸಿ ಮಾರುವ ವೃತ್ತಿಯವರು. ಹುಡುಗನನ್ನು ಕೂರಿಸಿಕೊಂಡು ಓದಲು ಕಲಿಸಿದವರು ಅವರೇ. ಅಷ್ಟರಲ್ಲಿ ಅವನು ತಂದೆಯ ಮಗ್ಗದ ಬಳಿ ಕೆಲಸ ಮಾಡಿ, ಅದು ಮೈಗೆ ಆಗದೆ, ಪುಸ್ತಕಕ್ಕೆ ರಟ್ಟು ಕಟ್ಟುವವರ ಬಳಿ ಕೆಲಸಕ್ಕೆ ಸೇರಿದ್ದೂ ಆಗಿತ್ತು. ಇದನ್ನು ಹೇಳಿದಾಗ ನನ್ನ ತರಗತಿಯಲ್ಲಿ ಕೊನೆಯ ಸಾಲಿನ ಇಬ್ಬರು ಹುಡುಗರು ತಲೆ ಎತ್ತಿ ನೋಡಿದರು. ಓದು ತಡವಾಗಿ ಬಂದವರೂ ಪಾಠದಲ್ಲಿ ಬರಬಹುದೆಂದು ಅವರು ಎಣಿಸಿರಲಿಕ್ಕಿಲ್ಲ.

ದಾರ ಎಳೆಯುವ ಮಕ್ಕಳು

ಜಕಾರ್ಡ್ ಅವರ ಕೆಲಸ ಅರ್ಥವಾಗಬೇಕಾದರೆ ಮಗ್ಗದ ಕೆಲಸ ಸ್ವಲ್ಪ ಗೊತ್ತಿರಬೇಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಅಡ್ಡಲಾಗಿ ಲಾಳಿಯಿಂದ ಹಾಯಿಸುವ ಎಳೆ ಹೊಕ್ಕು. ಹಾಸಿನ ಕೆಲವು ಎಳೆಗಳನ್ನು ಮೇಲೆತ್ತಿ, ಉಳಿದವನ್ನು ಕೆಳಗೆ ಬಿಟ್ಟು, ನಡುವಿನ ಸಂದಿನಲ್ಲಿ ಲಾಳಿ ಓಡಿಸಿದರೆ ಒಂದು ಹೊಕ್ಕು ಮುಗಿಯಿತು. ಬರೀ ಬಟ್ಟೆಯಾದರೆ ಒಂದು ಬಿಟ್ಟು ಒಂದು ಎಳೆ ಎತ್ತಿದರೆ ಸಾಕು, ಕಾಲಿನಿಂದ ತುಳಿದೇ ಮಾಡಬಹುದು. ಆದರೆ ಬಟ್ಟೆಯಲ್ಲಿ ಹೂವು, ಬಳ್ಳಿ, ನವಿಲು ಮೂಡಬೇಕಾದರೆ ಪ್ರತಿ ಹೊಕ್ಕಿಗೂ ಎತ್ತಬೇಕಾದ ಎಳೆಗಳು ಬೇರೆ ಬೇರೆ.

ಲಿಯೊನ್ ನಗರದಲ್ಲಿ ಈ ಕೆಲಸಕ್ಕೆ ಇಬ್ಬರು ಬೇಕಾಗುತ್ತಿದ್ದರು. ನೇಕಾರ ಲಾಳಿ ಓಡಿಸುತ್ತಿದ್ದ. ಇನ್ನೊಬ್ಬರು ಮಗ್ಗದ ಪಕ್ಕದಲ್ಲಿ ನಿಂತು ಅಥವಾ ಮೇಲೆ ಕುಳಿತು, ಯಾವ ಎಳೆಗಳು ಏಳಬೇಕೋ ಆ ಎಳೆಗಳಿಗೆ ಕಟ್ಟಿದ ಹುರಿಗಳ ಗೊಂಚಲನ್ನು ಎಳೆದು ಹಿಡಿಯಬೇಕಾಗಿತ್ತು. ಹೆಚ್ಚಿನ ಕಡೆ ಈ ಕೆಲಸ ಮಕ್ಕಳದು. ಹುರಿಗಳ ಜೊತೆ ತೂಕದ ಕಂಬಿಗಳೂ ಸೇರಿ ಭಾರವಾಗಿರುತ್ತಿದ್ದವು. ಬೆಳಗಿನಿಂದ ಸಂಜೆವರೆಗೆ ಎಳೆಯುವುದು, ಹಿಡಿಯುವುದು, ಬಿಡುವುದು. ಒಂದು ಗೊಂಚಲು ತಪ್ಪಿದರೆ ವಿನ್ಯಾಸವೇ ಕೆಡುತ್ತಿತ್ತು. ಬಹಳ ನವಿರಾದ ವಿನ್ಯಾಸವಾದರೆ ಇಡೀ ದಿನ ದುಡಿದರೂ ಕೆಲವೇ ಇಂಚು ಬಟ್ಟೆ. ತಂದೆಯ ಮಗ್ಗದಲ್ಲಿ ಜೋಸೆಫ್ ಕೂಡ ಇದೇ ಕೆಲಸ ಮಾಡಿದ್ದನೆಂದು ಅವರ ಜೀವನ ಬರೆದ ಹಲವರು ಹೇಳುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಬಟ್ಟೆಯ ವಿನ್ಯಾಸ ಎಂಬುದು ಒಂದು ಮಾಹಿತಿ. ಆ ಮಾಹಿತಿ ಆಗ ಕಟ್ಟಿದ ಹುರಿಗಳಲ್ಲಿಯೂ ಒಬ್ಬ ಹುಡುಗನ ಕೈಯಲ್ಲಿಯೂ ಇರುತ್ತಿತ್ತು. ಅದನ್ನು ಮನುಷ್ಯನ ಕೈಯಿಂದ ಬಿಡಿಸಿ ಒಂದು ವಸ್ತುವಿನಲ್ಲಿ ಇಡುವುದು ಹೇಗೆ ಎಂಬುದೇ ಪ್ರಶ್ನೆ.

ಸಾಲ, ಯುದ್ಧ, ಮಗನ ಸಾವು

1772ರಲ್ಲಿ ತಂದೆ ತೀರಿಕೊಂಡಾಗ ಜೋಸೆಫ್‌ಗೆ 20 ವರ್ಷ. ಮನೆ, ಮಗ್ಗಗಳು, ಒಂದು ದ್ರಾಕ್ಷಿ ತೋಟ ಕೈಗೆ ಬಂದವು. ಆದರೆ ವ್ಯವಹಾರ ಕೈಹಿಡಿಯಲಿಲ್ಲ. 1778ರಲ್ಲಿ ಕ್ಲೋದೀನ್ ಎಂಬ ವಿಧವೆಯನ್ನು ಮದುವೆಯಾದರು. ಮರುವರ್ಷ ಒಬ್ಬ ಮಗ ಹುಟ್ಟಿದ. ಸಾಲ ಏರಿತು, ಆಸ್ತಿ ಕರಗಿತು. ಹೆಂಡತಿ ಲಿಯೊನ್ ಪಕ್ಕದ ಊಲಾಂ ಎಂಬ ಊರಿನಲ್ಲಿ ಹುಲ್ಲಿನ ಟೋಪಿ ಮಾಡುವ ಕೆಲಸದಿಂದ ಸಂಸಾರ ನಡೆಸಿದರೆಂದೂ, ಜಕಾರ್ಡ್ ಸಿಕ್ಕ ಸಿಕ್ಕ ಕೂಲಿ ಮಾಡಿದರೆಂದೂ ತಿಳಿದುಬರುತ್ತದೆ.

1789ರಲ್ಲಿ ಫ್ರೆಂಚ್ ಕ್ರಾಂತಿ ಆರಂಭವಾಯಿತು. 1793ರಲ್ಲಿ ಲಿಯೊನ್ ನಗರ ಕ್ರಾಂತಿ ಸರ್ಕಾರದ ವಿರುದ್ಧ ತಿರುಗಿಬಿದ್ದಾಗ ಸೈನ್ಯ ಬಂದು ಊರನ್ನು ಮುತ್ತಿತು. ಜಕಾರ್ಡ್ ಊರಿನ ಪರವಾಗಿ ನಿಂತವರು. ಊರು ಸೋತ ಮೇಲೆ ಹದಿಹರೆಯದ ಮಗನನ್ನು ಕರೆದುಕೊಂಡು ತಪ್ಪಿಸಿಕೊಂಡರು. ಹೆಸರು ಮರೆಸಿಕೊಂಡು ತಂದೆ ಮಗ ಇಬ್ಬರೂ ಸೈನ್ಯಕ್ಕೇ ಸೇರಿದರು. ಯುದ್ಧದಲ್ಲಿ ಗುಂಡು ತಗುಲಿ ಮಗ ಸತ್ತ. ಒಬ್ಬನೇ ಮಗ. ಜಕಾರ್ಡ್ ಒಬ್ಬರೇ ಲಿಯೊನ್‌ಗೆ ಹಿಂದಿರುಗಿದರು. ಆಗ ಅವರಿಗೆ 45ರ ಆಸುಪಾಸು. ಕೈಯಲ್ಲಿ ಹಣವಿಲ್ಲ, ಮನೆಯಲ್ಲಿ ಮಗನಿಲ್ಲ. ನಾವು ಪಾಠದಲ್ಲಿ ಹೆಸರಿಸುವ ಕೆಲಸವನ್ನೆಲ್ಲ ಅವರು ಮಾಡಿದ್ದು ಇದಾದ ಮೇಲೆ.

ಪ್ಯಾರಿಸ್‌ನ ಕರೆ

1801ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜಕಾರ್ಡ್ ಸುಧಾರಿಸಿದ ಒಂದು ಮಗ್ಗವನ್ನು ಇಟ್ಟರು. ಕಂಚಿನ ಪದಕ ಬಂತು. 1803ರಲ್ಲಿ ಅವರನ್ನು ಪ್ಯಾರಿಸ್‌ಗೆ ಕರೆಸಿಕೊಂಡು, ಕಲೆ ಮತ್ತು ಕಸುಬುಗಳ ಸರ್ಕಾರಿ ಸಂಗ್ರಹಾಲಯದಲ್ಲಿ ಕೆಲಸಕ್ಕೆ ಅನುಕೂಲ ಮಾಡಿಕೊಟ್ಟರು. ಅಲ್ಲಿ ವೋಕಾನ್ಸಾನ್ ಎಂಬ ಯಂತ್ರಶಿಲ್ಪಿ 1745ರ ಹೊತ್ತಿಗೆ ಮಾಡಿದ ಒಂದು ಮಗ್ಗವಿತ್ತು. ಯಾರೂ ಬಳಸದೆ ಬಿದ್ದಿದ್ದ ಅದನ್ನು ಜಕಾರ್ಡ್ ಬಿಚ್ಚಿ ನೋಡಿ ಅರ್ಥ ಮಾಡಿಕೊಂಡರು.

ತೂತಿನ ಕಾಗದದ ಯೋಚನೆ ಜಕಾರ್ಡ್ ಅವರೊಬ್ಬರದೇ ಅಲ್ಲ ಎಂಬುದನ್ನು ಮಕ್ಕಳಿಗೆ ಹೇಳುವುದು ಒಳ್ಳೆಯದು. 1725ರಲ್ಲಿ ಲಿಯೊನ್ ನಗರದವರೇ ಆದ ಬೂಶೋನ್ ಎಂಬವರು ತೂತು ಕೊರೆದ ಕಾಗದದ ಸುರುಳಿಯನ್ನು ಮಗ್ಗಕ್ಕೆ ಬಳಸಿದ್ದರು. ಮೂರು ವರ್ಷಗಳ ನಂತರ ಫಾಲ್ಕನ್ ಎಂಬವರು ಸುರುಳಿಯ ಬದಲು ಬಿಡಿ ರಟ್ಟುಗಳನ್ನು ಸರಪಳಿಯಂತೆ ಹೊಲಿದು ಬಳಸಿದರು. ಆದರೆ ಅವಕ್ಕೆ ಇನ್ನೂ ಒಬ್ಬ ಸಹಾಯಕ ಬೇಕಾಗುತ್ತಿತ್ತು. ಬೂಶೋನ್‌ನ ತೂತು, ಫಾಲ್ಕನ್‌ನ ರಟ್ಟು, ವೋಕಾನ್ಸಾನ್‌ನ ಯಂತ್ರ, ಈ ಮೂರನ್ನೂ ಕೂಡಿಸಿ, ನೇಕಾರ ಒಬ್ಬನೇ ಕಾಲಿನಿಂದ ತುಳಿದು ನಡೆಸಬಹುದಾದ ಉಪಕರಣವನ್ನು ಜಕಾರ್ಡ್ 1804ರ ಹೊತ್ತಿಗೆ ಸಿದ್ಧಪಡಿಸಿದರು. ಮುಂದೆ 1815ರಲ್ಲಿ ಬ್ರೆತೋನ್ ಎಂಬ ಕುಶಲಕರ್ಮಿ ಅದರಲ್ಲಿ ಉಳಿದಿದ್ದ ತೊಡಕನ್ನು ಸರಿಪಡಿಸಿದ ಮೇಲೆಯೇ ಅದು ಸುಗಮವಾಗಿ ಓಡಿತು. ಒಂದು ಹೆಸರಿನ ಹಿಂದೆ ನಾಲ್ಕೈದು ಜನರ ದುಡಿಮೆ ಇರುತ್ತದೆ.

ತೂತು ಇದ್ದರೆ ಏಳು, ಇಲ್ಲದಿದ್ದರೆ ಇರು

ಕೆಲಸ ನಡೆಯುವ ಬಗೆ ಹೀಗಿದೆ. ಮಗ್ಗದ ಮೇಲೆ ಚೌಕನೆಯ ಒಂದು ದಿಂಡು ತಿರುಗುತ್ತದೆ. ಅದರ ಒಂದೊಂದು ಮುಖಕ್ಕೆ ಒಂದೊಂದು ರಟ್ಟು ಬಂದು ಕೂರುತ್ತದೆ. ಎದುರಿಗೆ ಸಾಲಾಗಿ ಸ್ಪ್ರಿಂಗ್ ಇರುವ ಸೂಜಿಗಳು. ಪ್ರತಿ ಸೂಜಿ ಒಂದು ಕೊಕ್ಕೆಯನ್ನು ಹಿಡಿದಿರುತ್ತದೆ, ಕೊಕ್ಕೆಗೆ ಹಾಸಿನ ಎಳೆ ಕಟ್ಟಿರುತ್ತದೆ. ರಟ್ಟು ಬಂದು ಸೂಜಿಗಳಿಗೆ ಒತ್ತಿದಾಗ, ತೂತು ಇದ್ದ ಕಡೆ ಸೂಜಿ ಒಳಗೆ ಹೋಗುತ್ತದೆ. ಅದರ ಕೊಕ್ಕೆ ಇದ್ದಲ್ಲೇ ನಿಂತು, ಮೇಲೇಳುವ ಪಟ್ಟಿಗೆ ಸಿಕ್ಕಿಕೊಂಡು, ಎಳೆಯನ್ನು ಎತ್ತುತ್ತದೆ. ತೂತು ಇಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದೆ ತಳ್ಳುತ್ತದೆ. ಕೊಕ್ಕೆ ಜರುಗಿ ಪಟ್ಟಿಗೆ ಸಿಕ್ಕುವುದಿಲ್ಲ, ಎಳೆ ಕೆಳಗೇ ಉಳಿಯುತ್ತದೆ. ಒಂದು ರಟ್ಟಿಗೆ ಒಂದು ಹೊಕ್ಕು. ವಿನ್ಯಾಸ ಬದಲಾಗಬೇಕಾದರೆ ಮಗ್ಗ ಬಿಚ್ಚಬೇಕಿಲ್ಲ, ರಟ್ಟಿನ ಸರಪಳಿ ಬದಲಾಯಿಸಿದರೆ ಸಾಕು.

ತೂತು ಇದೆ, ಇಲ್ಲ, ಎರಡೇ ಸ್ಥಿತಿ. ಇದನ್ನೇ ಕಂಪ್ಯೂಟರಿನ ಭಾಷೆಯಲ್ಲಿ 1 ಮತ್ತು 0 ಎನ್ನುತ್ತೇವೆ. ಇಂತಹ ಒಂದು ಜಾಗವೇ ಒಂದು ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್.

ನಮ್ಮ ರಾಜ್ಯದಲ್ಲಿ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಮೇಲೂ ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳ ಮೇಲೂ ಈ ರಟ್ಟಿನ ಸರಪಳಿಗಳು ತೂಗುವುದನ್ನು ನೋಡಬಹುದು. ಅಲ್ಲಿನ ನೇಕಾರರು ಈ ಉಪಕರಣವನ್ನು ಕರೆಯುವುದೇ ಜಕಾರ್ಡ್ ಎಂದು. ನಮಗೆ ನೇಯ್ಗೆ ದೂರದ್ದಲ್ಲ. ನೇಕಾರ ವಚನಕಾರ ಜೇಡರ ದಾಸಿಮಯ್ಯನವರ ಮುದನೂರು ದೇವದುರ್ಗದಿಂದ ಕೃಷ್ಣೆ ದಾಟಿದರೆ ಸುರಪುರ ಸೀಮೆಯಲ್ಲಿದೆ. ಸೀರೆಗೆ ಹೆಸರಾದ ಗದ್ವಾಲ್ ರಾಯಚೂರಿನ ಪಕ್ಕದ ಊರು.

ಸಿಟ್ಟು, ಗೌರವ, ಕೊನೆ

1805ರಲ್ಲಿ ಚಕ್ರವರ್ತಿ ನೆಪೋಲಿಯನ್ ಲಿಯೊನ್‌ಗೆ ಬಂದರು. ಜಕಾರ್ಡ್ ಉಪಕರಣವನ್ನು ಸಾರ್ವಜನಿಕ ಸ್ವತ್ತೆಂದು ಘೋಷಿಸಲಾಯಿತು. ಅದಕ್ಕೆ ಬದಲಾಗಿ ಜಕಾರ್ಡ್ ಅವರಿಗೆ ವರ್ಷಕ್ಕೆ 3,000 ಫ್ರಾಂಕ್ ಪಿಂಚಣಿಯೂ, ಕೆಲವು ವರ್ಷಗಳ ಮಟ್ಟಿಗೆ ಹೊಸ ಮಗ್ಗವೊಂದಕ್ಕೆ 50 ಫ್ರಾಂಕ್ ಗೌರವಧನವೂ ಗೊತ್ತಾದವು.

ಆದರೆ ಅವರದೇ ಊರಿನ ನೇಕಾರರಿಗೆ ಸಿಟ್ಟು ಬಂತು. ಇಬ್ಬರ ಕೆಲಸ ಒಬ್ಬರಿಂದ ಆದರೆ ಇನ್ನೊಬ್ಬರ ಗತಿ ಏನು ಎಂಬ ಭಯ ಅವರದು. ಮಗ್ಗಗಳನ್ನು ಒಡೆದರು, ಸುಟ್ಟರು. ಜಕಾರ್ಡ್ ಅವರ ಮೇಲೆಯೇ ಕೈಮಾಡಿದರೆಂದೂ, ನದಿಗೆ ತಳ್ಳಲು ಹೋದರೆಂದೂ ಕತೆಗಳಿವೆ. ನೇಕಾರರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಹೊಟ್ಟೆಪಾಡಿನ ಪ್ರಶ್ನೆ ಅದು. ಹಾಗಿದ್ದರೂ ಉಪಕರಣ ಹರಡಿತು. 1812ರ ಹೊತ್ತಿಗೆ ಫ್ರಾನ್ಸಿನಲ್ಲಿ ಸುಮಾರು 11,000 ಜಕಾರ್ಡ್ ಮಗ್ಗಗಳಿದ್ದವು. 1819ರಲ್ಲಿ ಸರ್ಕಾರ ಲೀಜನ್ ಆಫ್ ಆನರ್ ಗೌರವ ನೀಡಿತು. 1831ರಲ್ಲಿ ಲಿಯೊನ್ ನೇಕಾರರು ಮತ್ತೆ ದಂಗೆ ಎದ್ದರು; ಈ ಸಲ ಬೇಡಿಕೆ ನ್ಯಾಯವಾದ ಕೂಲಿ.

ಕೊನೆಯ ವರ್ಷಗಳನ್ನು ಜಕಾರ್ಡ್ ಊಲಾಂನಲ್ಲಿ ಕಳೆದು 1834ರ ಆಗಸ್ಟ್ 7ರಂದು, 82ನೆಯ ವಯಸ್ಸಿನಲ್ಲಿ ತೀರಿಕೊಂಡರು. 1840ರಲ್ಲಿ ಅದೇ ಲಿಯೊನ್ ನಗರ ಅವರ ಪ್ರತಿಮೆ ನಿಲ್ಲಿಸಿತು.

1839ರಲ್ಲಿ ಅವರ ಭಾವಚಿತ್ರವೊಂದನ್ನು ರೇಷ್ಮೆಯಲ್ಲಿ, ಅವರ ಉಪಕರಣದಿಂದಲೇ ನೇಯ್ದರು. ಅದಕ್ಕೆ ಬೇಕಾದ ರಟ್ಟುಗಳು 24,000. ಒಂದು ರಟ್ಟಿನಲ್ಲಿ ತೂತು ಬೀಳಬಹುದಾದ ಜಾಗಗಳು ಸುಮಾರು 1,000. ಅಂದರೆ 2 ಕೋಟಿ 40 ಲಕ್ಷ ಬಿಟ್. ಎಂಟರಿಂದ ಭಾಗಿಸಿದರೆ 30 ಲಕ್ಷ ಬೈಟ್, ಅಂದರೆ 3 ಎಂ.ಬಿ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊದ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಈ ಲೆಕ್ಕವನ್ನು ಮಕ್ಕಳಿಂದಲೇ ಕಪ್ಪುಹಲಗೆಯ ಮೇಲೆ ಮಾಡಿಸಿದೆ. ಉತ್ತರ ಬಂದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು.

ರಟ್ಟಿನಿಂದ ಮೆಮೊರಿ ಕಾರ್ಡ್‌ವರೆಗೆ

ಆ ರೇಷ್ಮೆಯ ಭಾವಚಿತ್ರದ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಅವರ ಮನೆಯಲ್ಲಿತ್ತು. ತಾವು ಯೋಜಿಸಿದ ಗಣಕ ಯಂತ್ರಕ್ಕೆ ಆಜ್ಞೆಗಳನ್ನು ಕೊಡಲು ಜಕಾರ್ಡ್ ರಟ್ಟುಗಳನ್ನೇ ಬಳಸಬೇಕೆಂದು ಅವರು ನಿರ್ಧರಿಸಿದ್ದರು. ಆ ಯಂತ್ರ ಪೂರ್ತಿಯಾಗಲಿಲ್ಲ, ಯೋಚನೆ ಉಳಿಯಿತು. ಅಮೆರಿಕದಲ್ಲಿ 1880ರ ಜನಗಣತಿಯ ಲೆಕ್ಕ ಮುಗಿಸಲು ಏಳೆಂಟು ವರ್ಷ ಹಿಡಿದಿತ್ತು. 1890ರ ಜನಗಣತಿಗೆ ಹರ್ಮನ್ ಹೊಲೆರಿತ್ ಎಂಬ ಎಂಜಿನಿಯರ್ ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ತೂತಿನ ಕಾರ್ಡ್ ಮಾಡಿ, ವಿದ್ಯುತ್ ಯಂತ್ರದಿಂದ ಎಣಿಸಿದರು. ಅವರ ಕಂಪನಿಯೇ ಬೇರೆ ಕಂಪನಿಗಳೊಡನೆ ಕೂಡಿ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಮ್ಮ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಗೆ ಹೋದದ್ದು ಅದೇ ಕೆಲಸದ ಇಂದಿನ ರೂಪ.

ಇನ್ನು ಸಂಗ್ರಹಣೆಯ ವಿಧಗಳು. ಇಲ್ಲಿ ಮಕ್ಕಳ ಮುಂದೆ ಒಂದೇ ಪ್ರಶ್ನೆ ಇಟ್ಟೆ: ರಟ್ಟಿನಲ್ಲಿ ತೂತು ಮಾಡುತ್ತಿದ್ದ ಕೆಲಸವನ್ನು ಈ ಸಾಧನದಲ್ಲಿ ಯಾವುದು ಮಾಡುತ್ತದೆ?

ಹಾರ್ಡ್ ಡಿಸ್ಕಿನಲ್ಲಿ ತೂತಿನ ಬದಲು ಕಾಂತಗಳು. ತಿರುಗುವ ತಟ್ಟೆಯ ಮೇಲಿನ ಬಹಳ ಸಣ್ಣ ಜಾಗಗಳು ಒಂದು ದಿಕ್ಕಿಗೆ ಅಥವಾ ವಿರುದ್ಧ ದಿಕ್ಕಿಗೆ ಕಾಂತತ್ವ ಪಡೆದಿರುತ್ತವೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಸಾಧನದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ನಮ್ಮ ಒಂದೆರಡು ಫೋಟೊ. ಹಾರ್ಡ್ ಡಿಸ್ಕ್ ಅಗ್ಗ, ಬಹಳಷ್ಟು ಹಿಡಿಯುತ್ತದೆ; ಆದರೆ ಒಳಗೆ ತಿರುಗುವ ಭಾಗಗಳಿರುವುದರಿಂದ ಬಿದ್ದರೆ ಕೆಡುತ್ತದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಜಕಾರ್ಡ್ ರಟ್ಟಿಗೆ ಬಹಳ ಹತ್ತಿರದ ನೆಂಟ. ಅದರ ಮೇಲೆ ನಿಜವಾಗಿಯೂ ಕುಳಿಗಳಿವೆ. ಸೂಜಿಯ ಬದಲು ಲೇಸರ್ ಬೆಳಕು ಅವನ್ನು ಓದುತ್ತದೆ. ಸಿ.ಡಿ. ಸುಮಾರು 700 ಎಂ.ಬಿ., ಡಿ.ವಿ.ಡಿ. 4.7 ಜಿ.ಬಿ. ಹಿಡಿಯುತ್ತದೆ. ಗೀರು ಬಿದ್ದರೆ ಓದುವುದು ಕಷ್ಟ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಮೊಬೈಲಿನ ಒಳಗಿನ ಸಂಗ್ರಹ, ಹೊಸ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ, ಇವೆಲ್ಲ ಒಂದೇ ಕುಲದವು. ಇದನ್ನು ಫ್ಲ್ಯಾಶ್ ಎನ್ನುತ್ತಾರೆ. 1980ರ ದಶಕದಲ್ಲಿ ಜಪಾನಿನ ತೊಶಿಬಾ ಕಂಪನಿಯಲ್ಲಿ ಇದು ರೂಪುಗೊಂಡಿತು. ಇಲ್ಲಿ ತಿರುಗುವ ಭಾಗವೇ ಇಲ್ಲ. ವಿದ್ಯುತ್ ಹರಿಯದ ಪದರದ ನಡುವಿನ ಸಣ್ಣ ಕೋಣೆಯಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಕೊಂಡಿವೆಯೇ ಇಲ್ಲವೇ ಎಂಬುದರಿಂದ 0 ಮತ್ತು 1 ಗೊತ್ತಾಗುತ್ತದೆ. ವಿದ್ಯುತ್ ಹೋದರೂ ಅವು ಅಲ್ಲೇ ಉಳಿಯುತ್ತವೆ. ಆದರೆ ಅಳಿಸಿ ಬರೆಯುವುದಕ್ಕೆ ಒಂದು ಮಿತಿ ಇದೆ, ಕೋಣೆಗಳು ಸವೆಯುತ್ತವೆ.

ರ‍್ಯಾಮ್ ಬೇರೆ ಜಾತಿ. ವಿದ್ಯುತ್ ಇರುವವರೆಗೆ ಮಾತ್ರ ಅದರ ನೆನಪು. ಕಪ್ಪುಹಲಗೆ ಇದ್ದಂತೆ: ಕೆಲಸ ಅಲ್ಲಿ ನಡೆಯುತ್ತದೆ, ಉಳಿಯಬೇಕಾದದ್ದನ್ನು ನೋಟ್‌ಬುಕ್ಕಿಗೆ ಇಳಿಸಬೇಕು. ನನ್ನ ಸ್ಲೈಡುಗಳು ಹೋದದ್ದೂ ಇಲ್ಲಿಯೇ. ಕಂಪ್ಯೂಟರ್ ಕೆಲವೊಮ್ಮೆ ಮಾಹಿತಿಯನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡು ನಿಧಾನವಾಗಿ ಪೆನ್‌ಡ್ರೈವಿಗೆ ಬರೆಯುತ್ತದೆ. ಬರೆದು ಮುಗಿಯುವ ಮೊದಲೇ ಕಿತ್ತರೆ ಹೆಸರು ಉಳಿದು ತಿರುಳು ಹೋಗುತ್ತದೆ. ಸುರಕ್ಷಿತವಾಗಿ ತೆಗೆಯುವ ಆಯ್ಕೆ ಒತ್ತುವುದು ಇದಕ್ಕಾಗಿ. ನನ್ನ ತಪ್ಪನ್ನು ಮಕ್ಕಳ ಮುಂದೆ ಹೇಳಿಯೇ ಇದನ್ನು ಕಲಿಸಿದೆ.

ಕ್ಲೌಡ್ ಎಂದರೆ ಮೋಡದಲ್ಲಿ ಏನೂ ಇಲ್ಲ. ದೂರದ ಒಂದು ದೊಡ್ಡ ಕಟ್ಟಡದಲ್ಲಿರುವ ಹಾರ್ಡ್ ಡಿಸ್ಕುಗಳಲ್ಲಿ ಮತ್ತು ಎಸ್‌ಎಸ್‌ಡಿಗಳಲ್ಲಿ ನಮ್ಮ ಫೋಟೊ ಇರುತ್ತದೆ. ಫೋನು ಕಳೆದರೂ ಸಿಗುತ್ತದೆ. ಆದರೆ ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ಸಿಗುವುದಿಲ್ಲ.

ಗಾತ್ರ ಮನಸ್ಸಿಗೆ ನಾಟಲು ಇನ್ನೊಂದು ಲೆಕ್ಕ ಕೊಟ್ಟೆ. ಐಬಿಎಂನ ತೂತಿನ ಕಾರ್ಡ್ ಒಂದರಲ್ಲಿ 80 ಅಕ್ಷರ ಹಿಡಿಯುತ್ತಿತ್ತು. ಅಕ್ಷರಕ್ಕೆ ಒಂದು ಬೈಟ್ ಎಂದು ಇಟ್ಟುಕೊಂಡರೆ 1 ಜಿ.ಬಿ.ಗೆ 1 ಕೋಟಿ 25 ಲಕ್ಷ ಕಾರ್ಡ್ ಬೇಕು. ಬೆರಳಿನ ಉಗುರಿನಷ್ಟಿರುವ 32 ಜಿ.ಬಿ. ಮೆಮೊರಿ ಕಾರ್ಡಿಗೆ 40 ಕೋಟಿ. ಒಂದು ಕಾರ್ಡಿನ ದಪ್ಪ 0.178 ಮಿ.ಮೀ. ಒಂದಕ್ಕೊಂದು ಒತ್ತಿ ಸಾಲಾಗಿ ಇಟ್ಟರೆ ಸುಮಾರು 71 ಕಿ.ಮೀ. ರಾಯಚೂರಿನಿಂದ ಆರಂಭವಾದ ಸಾಲು ಮಾನ್ವಿ ದಾಟಿ ಸಿಂಧನೂರಿನ ದಾರಿ ಹಿಡಿಯುತ್ತದೆ.

ಬಾಳಿಕೆಯ ಮಾತು ಬಂದಾಗ ನಮ್ಮ ಜಿಲ್ಲೆಯ ಮಸ್ಕಿಯನ್ನು ನೆನೆದೆವು. ಅಲ್ಲಿನ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ 1915ರಲ್ಲಿ ಪತ್ತೆಯಾಯಿತು. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಆ ಮಾಹಿತಿ ಉಳಿದಿತ್ತು. ಪೆನ್‌ಡ್ರೈವಿಗೆ ಆ ಆಯುಷ್ಯ ಇಲ್ಲ. ಆದ್ದರಿಂದ ಬೇಕಾದದ್ದನ್ನು ಎರಡು ಕಡೆ ಇಡಬೇಕು.

ಒಂದು ಪ್ರಶ್ನೆ

ಪಾಠದ ಕೊನೆಗೆ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಜಕಾರ್ಡ್ ಮಗ್ಗ ಬಂದ ಮೇಲೆ ಆ ದಾರ ಎಳೆಯುವ ಹುಡುಗರು ಶಾಲೆಗೆ ಹೋದರೇನು ಎಂದು ಕೇಳಿದಳು. ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಮರುದಿನ ಉತ್ತರಿಸುತ್ತೇನೆ ಎಂದೆ. ಮರುದಿನ ಅವಳು ಬರಲಿಲ್ಲ. ಹತ್ತಿ ಬಿಡಿಸಲು ಹೋಗಿದ್ದಾಳೆಂದು ಪಕ್ಕದವಳು ಹೇಳಿದಳು.

ಉತ್ತರ ಹುಡುಕಿದಾಗ ಸಿಕ್ಕದ್ದು ಇದು. ಯಂತ್ರ ಬಂದ ಮಾತ್ರಕ್ಕೆ ಮಕ್ಕಳು ಶಾಲೆಗೆ ಹೋಗಲಿಲ್ಲ. ಫ್ರಾನ್ಸಿನಲ್ಲಿ ಮಕ್ಕಳ ದುಡಿಮೆಗೆ ಕಡಿವಾಣ ಹಾಕುವ ಮೊದಲ ಕಾನೂನು ಬಂದದ್ದು 1841ರಲ್ಲಿ. ಅದೂ ದೊಡ್ಡ ಕಾರ್ಖಾನೆಗಳಿಗೆ ಮಾತ್ರ. ಶಿಕ್ಷಣ ಉಚಿತವಾದದ್ದು 1881ರಲ್ಲಿ, ಕಡ್ಡಾಯವಾದದ್ದು 1882ರಲ್ಲಿ. ಜಕಾರ್ಡ್ ಯಂತ್ರಕ್ಕೂ ಕಡ್ಡಾಯ ಶಿಕ್ಷಣಕ್ಕೂ ನಡುವೆ ಸುಮಾರು 80 ವರ್ಷ. ಯಂತ್ರ ಕೈಯನ್ನು ಬಿಡಿಸಬಲ್ಲದು. ಬಿಡುವಾದ ಕೈಗೆ ಪುಸ್ತಕ ಕೊಡುವುದು ಮನುಷ್ಯರ ಕೆಲಸ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. 9ನೇ ತರಗತಿಯ ಆ ಹುಡುಗಿ ಅದರ ಗಡಿಯನ್ನು ಆಗಲೇ ದಾಟಿದ್ದಾಳೆ.

ನಾನು ದೇವದುರ್ಗ ತಾಲ್ಲೂಕಿನವಳು. ಏಳನೆಯ ತರಗತಿಯಲ್ಲಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಾನು ಶಾಲೆಗೆ ಹೋದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ನಮ್ಮ ಗಣಿತದ ಮೇಡಂ ತಪ್ಪಿದ ಪಾಠಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಇಟ್ಟಿರದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಹಾಗಾಗಿ ಆ ಸಂಜೆ ಪಾಠದ ತಿರುಳನ್ನು, ಅವಳ ಪ್ರಶ್ನೆಯ ಉತ್ತರವನ್ನೂ ಸೇರಿಸಿ, ಹತ್ತು ನಿಮಿಷ ಮಾತಾಡಿ ಮೊಬೈಲಿನಲ್ಲಿ ದಾಖಲಿಸಿದೆ. ಗಾತ್ರ 5 ಎಂ.ಬಿ.ಯೂ ಆಗಲಿಲ್ಲ. ಅವರ ಮನೆಯಲ್ಲಿ ಇದ್ದದ್ದು ಗುಂಡಿ ಒತ್ತುವ ಫೋನು, ಅದರಲ್ಲಿ ಹಾಡಿನ ಮೆಮೊರಿ ಕಾರ್ಡ್. ಪಕ್ಕದ ಹುಡುಗಿಯ ಕೈಯಲ್ಲಿ ಆ ಕಾರ್ಡ್ ತರಿಸಿ, ಹಾಡುಗಳ ಜೊತೆ ಪಾಠವನ್ನೂ ಹಾಕಿ ಕಳುಹಿಸಿದೆ. ಮುಂದಿನ ವಾರ ವಿಜ್ಞಾನದ ಇನ್ನೂ ಮೂರು ಪಾಠಗಳನ್ನು ಹಾಗೆಯೇ ಕಳುಹಿಸಿದೆ. ಹತ್ತಿ ಬಿಡಿಸುತ್ತ ಕೇಳಿದಳಂತೆ. ನಮ್ಮ ಬೋಧನಾಭ್ಯಾಸದ ಕೊನೆಯ ದಿನ ಅವಳು ಶಾಲೆಗೆ ಬಂದಳು. ಘಟಕ ಪರೀಕ್ಷೆಯಲ್ಲಿ ಐದರಲ್ಲಿ ಮೂರು ಪ್ರಶ್ನೆಗೆ ಸರಿಯಾಗಿ ಬರೆದಳು. ಅವಳು ತಪ್ಪಿಸಿಕೊಂಡ ದಿನಗಳು ಇದರಿಂದ ಹಿಂದಿರುಗಲಿಲ್ಲ. ಆದರೆ ಪಾಠದ ಎಳೆ ಪೂರ್ತಿ ಕಡಿಯಲಿಲ್ಲ.

ತರಗತಿಗೆ ಅಳವಡಿಸುವ ಬಗೆ

ಈ ಪಾಠಕ್ಕೆ ಪ್ರೊಜೆಕ್ಟರ್ ಬೇಕಿಲ್ಲ. ಹಳೆಯ ರಟ್ಟು, ಕೈವಾರ, ಚೌಕುಳಿ ಹಾಳೆ ಸಾಕು. ಎಂಟು ಮನೆಗಳ ಸಾಲಿನಲ್ಲಿ ತೂತಿಗೆ 1, ಇಲ್ಲದ್ದಕ್ಕೆ 0 ಬರೆಸಿ, ಎಂಟು ಸಾಲು ಸೇರಿಸಿ ಒಂದು ಹೂವಿನ ಚಿತ್ರ ಮಾಡಿಸಿದರೆ ಬಿಟ್ ಮತ್ತು ಬೈಟ್ ಎರಡೂ ತಿಳಿಯುತ್ತವೆ. ಸಾಧನಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ತೂತಿನ ಜಾಗದಲ್ಲಿ ಏನಿದೆ ಎಂಬ ಒಂದೇ ಪ್ರಶ್ನೆ ಹಿಡಿದು ಹೋದರೆ ವರ್ಗೀಕರಣ ತಾನಾಗಿ ಬರುತ್ತದೆ. ಗೈರುಹಾಜರಾದ ಮಕ್ಕಳಿಗೆ ಪಾಠದ ಧ್ವನಿಯನ್ನು ಮೆಮೊರಿ ಕಾರ್ಡಿನಲ್ಲಿ ಕಳುಹಿಸುವುದನ್ನು ಮುಂದಿನ ತಂಡದವರು ಮೊದಲ ವಾರದಿಂದಲೇ ಆರಂಭಿಸಬಹುದು, ನಾನು ತಡಮಾಡಿದೆ.

ಇಂದು ಹೊಸ ಜಕಾರ್ಡ್ ಮಗ್ಗಗಳಲ್ಲಿ ರಟ್ಟು ಇಲ್ಲ. ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆದು, ಪೆನ್‌ಡ್ರೈವಿನಲ್ಲಿ ತಂದು ಮಗ್ಗಕ್ಕೆ ಸಿಕ್ಕಿಸುತ್ತಾರೆ. ಮಗ್ಗದಿಂದ ಹೊರಟ ತೂತು ಇನ್ನೂರು ವರ್ಷ ಸುತ್ತಿ ಎಲೆಕ್ಟ್ರಾನಾಗಿ ಮಗ್ಗಕ್ಕೇ ಬಂದು ಸೇರಿದೆ. 13 ವರ್ಷದವರೆಗೆ ಓದು ಬಾರದ ಹುಡುಗನೊಬ್ಬನನ್ನು ಅಕ್ಕನ ಗಂಡ ಕೂರಿಸಿಕೊಂಡು ಕಲಿಸದೆ ಹೋಗಿದ್ದರೆ ಅದು ಹೊರಡುತ್ತಿತ್ತೋ ಇಲ್ಲವೋ. ನಮ್ಮ ಹಾಜರಿ ಪುಸ್ತಕದಲ್ಲಿ ಗೈರು ಎಂದು ಗುರುತು ಹಾಕುವಾಗ ನಾವು ನೆನಪಿಡಬೇಕಾದದ್ದು ಇದನ್ನು.